ಪ ಅಕ್ಷರದ ಕೆಳಗಿನ ಗೀಟು

ನಿನ್ನೆ ಮಧ್ಯಾಹ್ನ ಮೊಮ್ಮಗಳು ಸಾಲಿಯಿಂದ ಬಂದವಳು ಹೆಗಲ ಮೇಲಿನ ಚೀಲವನ್ನೂ ಇಳಿಸದೆ ನನ್ನ ಮುಂದೆ ಬಂದು ನಿಂತಳು. ಮುಂದಿನ ಹಲ್ಲು ಎರಡೂ ಬಿದ್ದಿವೆ. ಬಾಯಿ ತೆರೆದರೆ ಸಣ್ಣ ಖಿಡಕಿ ತೆರೆದಂತೆ ಕಾಣುತ್ತದೆ.

"ಆಯಿ, ಇವತ್ತ ನಾ ಎದ್ದು ನಿಂತು ಟೀಚರಿಗೆ ಹೇಳ್ದೆ. ನಂಗ ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ ಅಂತ."

ಅವರು ಏನಂದರು ಅಂತ ಕೇಳಿದೆ.

"ಏನಂತಾರ, ಇನ್ನೊಮ್ಮೆ ಹೇಳಿದ್ರು," ಅಂದಳು, ಅದೇನು ದೊಡ್ಡದು ಎಂಬಂತೆ. ಶೇಂಗಾ ಎಲ್ಲಿಟ್ಟಿದ್ದೀರಿ ಅಂತ ಕೇಳಿ ಒಳಗೆ ಹೋದಳು.

ನಾನು ಕೂತಲ್ಲೇ ಕೂತೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಸೊಸೆ ಬಂದು ನೋಡಿ, ಯಾರಿಗಾದರೂ ಏನಾದರೂ ಆಯಿತೇ ಅಂತ ಗಾಬರಿಯಾದಳು. ಏನೂ ಆಗಿಲ್ಲ, ಬಹಳ ಒಳ್ಳೆಯದಾಗಿದೆ ಅಂದೆ. ಅವಳಿಗೆ ತಿಳಿಯಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನಾನು ಅಕ್ಷರ ಕಲಿತದ್ದು ಮದುವೆಯಾಗಿ ಮಕ್ಕಳಾದ ಮೇಲೆ, ದೊಡ್ಡವರ ಸಾಲಿಯಲ್ಲಿ. ಬರೆಯುವುದು ನನಗೆ ರೊಟ್ಟಿ ಬಡಿದಷ್ಟು ಸಲೀಸಲ್ಲ. ಆದರೂ ಈ ಮಾತು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ನಮ್ಮೂರು ಆಳಂದದಿಂದ ಹಿರೋಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿತ್ತು. ನಾನು ಸಣ್ಣ ಹುಡುಗಿಯಾಗಿದ್ದಾಗ ನಿಜಾಮರ ರಾಜ್ಯ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು ಅಂತ ಆಮೇಲೆ ತಿಳಿಯಿತು. ನಮಗೆ ಆಗ ಗೊತ್ತಿದ್ದದ್ದು ಚಿಮಣಿ ಎಣ್ಣೆ ಸಿಗುವುದಿಲ್ಲ ಅನ್ನುವುದೊಂದೇ. ಮನೆಯ ಮಾತು ಕನ್ನಡ, ಸಂತೆಯ ಮಾತು ಅರ್ಧ ಮರಾಠಿ, ಕಚೇರಿಯ ಮಾತು ಉರ್ದು. ನಾವು ಊರ ಹೊರಗಿನ ಕೇರಿಯವರು. ನಮ್ಮಪ್ಪನ ಕೆಲಸ ಸುದ್ದಿ ಹೊರುವುದು. ಯಾರಾದರೂ ಸತ್ತರೆ ಬೀಗರ ಊರಿಗೆ ಓಡುವುದು ಅವನು, ಹಲಗೆ ಬಡಿದು ಊರಿಗೆ ಡಂಗುರ ಸಾರುವುದೂ ಅವನು. ಒಮ್ಮೆ ಯಾರದೋ ಸಾವಿನ ಸುದ್ದಿ ಹೊತ್ತು ಭೀಮೆಯನ್ನು ದಾಟಿ ಜೇವರ್ಗಿಯ ಕಡೆಯ ಊರೊಂದಕ್ಕೆ ನಡೆದು ಹೋಗಿದ್ದ. ಹೇಳಬೇಕಾದ ಮಾತು ಮರೆಯಬಾರದೆಂದು ದಾರಿಯುದ್ದಕ್ಕೂ ಅದನ್ನೇ ಗುನುಗುತ್ತಾ ಹೋಗಿ, ಅವರ ಹೊಸ್ತಿಲಿಂದ ದೂರ ನಿಂತು ಹೇಳಿ, ಅವರು ಅಳತೊಡಗಿದ ಮೇಲೆ ಹಾಗೇ ತಿರುಗಿ ಬಂದನಂತೆ.

ಊರಿನ ಅಷ್ಟೂ ಮಾತು ಹೊತ್ತವನಿಗೆ ತನ್ನದು ಅಂತ ಇದ್ದ ಮಾತು ಒಂದೇ. ಚಾವಡಿಯ ಕಟ್ಟೆಯ ಕೆಳಗೆ ಧೂಳಲ್ಲಿ ನಿಂತು "ಹೌದ್ರಿ" ಅನ್ನುವುದು. ಅದಕ್ಕಿಂತ ಉದ್ದದ ಮಾತು ಅವನ ಬಾಯಿಂದ ಅಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಇನ್ನೊಂದು ರೂಢಿ ಇತ್ತು. ಡಂಗುರ ಊರೆಲ್ಲ ಸುತ್ತುತ್ತಿತ್ತು, ನಮ್ಮ ಕೇರಿಗೆ ಮಾತ್ರ ಬರುತ್ತಿರಲಿಲ್ಲ. ಸಾರುವವನೇ ಆ ಕೇರಿಯವನು, ಅಲ್ಲಿಗೆ ಬೇರೆ ಯಾಕೆ ಸಾರಬೇಕು ಅಂತ ಊರವರ ಲೆಕ್ಕ. ನಮ್ಮವ್ವನಿಗೆ ಈ ಲೆಕ್ಕ ಹಿಡಿಸುತ್ತಿರಲಿಲ್ಲ. ಅವಳು ಅಫಜಲಪುರ ತಾಲೂಕಿನ ಚೌಡಾಪುರದ ಕಡೆಯಿಂದ ಬಂದವಳು, ಮಾತಿಗೆ ಹಿಂದೆ ಬೀಳುವವಳಲ್ಲ. ಅಪ್ಪ ಮನೆಗೆ ಬಂದು ಹಲಗೆಯನ್ನು ಗೂಟಕ್ಕೆ ತೂಗುಹಾಕುತ್ತಲೇ, ಸಾರಿದ್ದನ್ನು ನನಗೂ ಹೇಳು ಅನ್ನುತ್ತಿದ್ದಳು. ಅಪ್ಪ ಅಂಗಳದಲ್ಲಿ ನಿಂತು ಮೆತ್ತಗಿನ ದನಿಯಲ್ಲಿ ಇಡೀ ಡಂಗುರವನ್ನು ಹೇಳುತ್ತಿದ್ದ. ನಡುವೆ ಉರ್ದು ಮಾತು ಬಂದರೆ ಅದರರ್ಥವೇನು ಅಂತ ಅವ್ವ ಕೇಳುವಳು. ಹೇಳು ಅಂದರು, ಹೇಳಿದೆ, ಅರ್ಥ ನನಗೇನು ಗೊತ್ತು ಅನ್ನುವನು ಅಪ್ಪ. ಗಂಟಲು ನಿಂದು, ಮಾತು ಮಂದಿದು, ಒಳ್ಳೇ ಸಂಸಾರ ಅಂತ ಅವ್ವ ನಗುವಳು.

ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಕಚೇರಿಯ ಜವಾನನೊಬ್ಬ ಕುದುರೆಯ ಮೇಲೆ ಬಂದ. ತಾಲೂಕಿನ ದೊಡ್ಡ ಸಾಹೇಬರು ಊರೂರು ನೋಡಲು ದೌರಾ ಬರುತ್ತಾರೆ, ನಮ್ಮೂರ ಮಾವಿನ ತೋಪಿನಲ್ಲಿ ಡೇರೆ ಬೀಳುತ್ತದೆ ಅಂದ. ಇನ್ನೂ ಏನೋ ಅಂದ. ಕುದುರೆಯಿಂದ ಇಳಿಯದೆ, ಅದರ ಮುಖ ಮುಂದಿನ ಊರಿನ ಕಡೆಗೆ ತಿರುಗಿಸಿಕೊಂಡೇ ಅಂದು ಹೋದ. ಊರಗೌಡರು ಕೇಳಿಸಿಕೊಂಡು ಅಪ್ಪನನ್ನು ಕರೆಸಿ ಡಂಗುರದ ಮಾತು ಕೊಟ್ಟರು.

ಆ ದಿನ ಅಪ್ಪ ಅಂಗಳದಲ್ಲಿ ನಿಂತು ಅವ್ವನಿಗೆ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. "ಕೇಳ್ರಪೋ ಕೇಳ್ರಿ, ಸಾಹೇಬರು ದೌರಾ ಬರ್ತಾರ, ಈ ಸಲ ಬೇಗಾರ ಮಾಪ ಆಗತೈತಿ, ಮನಿಗೊಂದು ಗಂಡಾಳು ಒಂದು ಹೆಣ್ಣಾಳು ಬರ್ಬೇಕು."

ಬೇಗಾರ ಅಂದರೆ ಬಿಟ್ಟಿ ಚಾಕರಿ. ಸಾಹೇಬರು ಬಂದಷ್ಟೂ ದಿನ ನಮ್ಮ ಕೇರಿಯ ಗಂಡಸರು ಅವರ ಮಂಚ, ಪೆಟ್ಟಿಗೆ ಹೊರಬೇಕು, ಕುದುರೆಗೆ ಹುಲ್ಲು ತರಬೇಕು. ಹೆಂಗಸರು ಡೇರೆಗೆ ನೀರು ಹೊರಬೇಕು, ಜೋಳ ಬೀಸಬೇಕು. ಕೂಲಿ ಇಲ್ಲ, ಆಗುವುದಿಲ್ಲ ಅನ್ನುವ ಹಾಗೂ ಇಲ್ಲ. ಇನ್ನು ಮಾಪ ಅಂದರೆ ಅಳತೆ. ಜೋಳ ಅಳೆಯುವುದಕ್ಕೆ ನಾವು ಮಾಪ ಅನ್ನುತ್ತೇವೆ. ಅಂದರೆ ಈ ಸಲ ಬಿಟ್ಟಿ ಚಾಕರಿಯನ್ನೂ ಅಳೆದು, ಮನೆಗೆ ಇಷ್ಟು ಕೊಡ, ಇಷ್ಟು ಹೊರೆ ಅಂತ ಹಂಚುತ್ತಾರೆ ಎಂದು ಗೌಡರು ತಿಳಿದರು, ಅಪ್ಪ ಸಾರಿದ, ಊರು ನಂಬಿತು.

ಅವ್ವ ಆವತ್ತು ನಗಲಿಲ್ಲ. ಅವಳು ತುಂಬಿದ ಬಸುರಿ. ಹಿಂದಿನ ದೌರಾದಲ್ಲಿ ಬಾವಿಯಿಂದ ತೋಪಿಗೆ ನೀರು ಹೊತ್ತು ಹೊತ್ತು ಅವಳ ಬಸಿರು ನಿಂತಿರಲಿಲ್ಲ. ಹುಟ್ಟಬೇಕಾಗಿದ್ದ ಕೂಸನ್ನು ಕೇರಿಯ ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದರು. ನಾನು ಸಣ್ಣವಳು, ನನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಹೆಣ್ಣಾಳು ಅಂದರೆ ಅವ್ವ ಒಬ್ಬಳೇ. ಅಪ್ಪ ಗೋಡೆಗೆ ಒರಗಿ ಕೂತು ನೆಲ ನೋಡುತ್ತಿದ್ದ. ತನ್ನ ಬಾಯಿಂದಲೇ ಸಾರಿ ಬಂದಿದ್ದನಲ್ಲ.

ಮರುದಿನ ಬಳೆಗಾರ್ತಿ ಬಂದಳು. ಆಳಂದದವಳು, ಮುಸಲ್ಮಾನರ ಹೆಂಗಸು, ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ನಡೆಯುತ್ತಿದ್ದಳು. ನಾನು ಅವಳನ್ನು ಅವರ ಮಾತಿನಲ್ಲೇ ಖಾಲಾ, ಅಂದರೆ ಚಿಕ್ಕವ್ವ, ಅನ್ನುತ್ತಿದ್ದೆ. ಕೇರಿಯ ಹೊರಗಿನವರಲ್ಲಿ ನಮ್ಮವ್ವನ ಕೈ ಹಿಡಿದು ಮಾತಾಡುತ್ತಿದ್ದವಳು ಅವಳೊಬ್ಬಳೇ. ಬಳೆ ಇಡಬೇಕಾದರೆ ಕೈ ಹಿಡಿಯಲೇಬೇಕಲ್ಲ ಅಂತ ಊರವರು ಅನ್ನಬಹುದು. ಆದರೆ ಬಳೆ ಇಟ್ಟಾದ ಮೇಲೂ ಅವಳು ಕೈ ಬಿಡುತ್ತಿರಲಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಊರೂರ ಸುದ್ದಿ ಹೇಳುತ್ತಿದ್ದಳು.

ಬಸುರಿಗೆ ಹಸಿರು ಬಳೆ ಇಡಲು ಬಂದಿದ್ದಳು. ಅವ್ವ ಬಿಗಿ ಬಳೆ ಬೇಡ, ಸಡಿಲ ಇಡು, ಕೊಡ ಹೊತ್ತು ಹೊತ್ತು ಕೈ ಬಾತುಕೊಳ್ಳುತ್ತದೆ ಅಂದಳು. ಈ ಹೊಟ್ಟೆ ಹೊತ್ತು ಯಾರಿಗೆ ನೀರು ಹೊರುತ್ತೀ ಅಂತ ಖಾಲಾ ಕೇಳಿದಳು. ಅವ್ವ ಡಂಗುರವನ್ನು ಪೂರಾ ಹೇಳಿದಳು. ಖಾಲಾ ಅವಳ ಕೈಯನ್ನು ಹಾಗೇ ಹಿಡಿದುಕೊಂಡು, ಬೇಗಾರ ಮಾಪ ಅಂತ ತನ್ನಷ್ಟಕ್ಕೇ ಅಂದು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಮಾಪ ಅಲ್ಲ ಬೇ ಹುಚ್ಚಿ. ಮಾಫ್. ಆಳಂದದ ಬಜಾರಕ್ಕೆಲ್ಲ ಗೊತ್ತೈತಿ. ಬೇಗಾರ ಮಾಫ್ ಮಾಡ್ಯಾರ, ಬಿಟ್ಟಾರ. ಹೊತ್ತವರಿಗೆ ಕೂಲಿ ಕೊಡ್ತಾರ."

ಅವ್ವನಿಗೆ ಎರಡೂ ಒಂದೇ ಕೇಳಿಸಿತು. ನನಗೂ ಅಷ್ಟೇ. ನಮ್ಮ ನಾಲಿಗೆಗೆ ಆ ಅಕ್ಷರವೇ ಇರಲಿಲ್ಲ ನೋಡಿ. ತಪ್ಪು ಮಾಡಿದರೆ "ಮಾಪ ಮಾಡ್ರಿ" ಅನ್ನುತ್ತೇವೆ, ಜೋಳ ಅಳೆಯಬೇಕಾದರೂ ಮಾಪ ಅನ್ನುತ್ತೇವೆ. ಬಿಡುವುದಕ್ಕೂ ಅದೇ, ಅಳೆಯುವುದಕ್ಕೂ ಅದೇ. ಗೌಡರ ನಾಲಿಗೆಯೂ ನಮ್ಮಂಥದ್ದೇ. ಅವರು ಬೇಕೆಂದೇ ತಿರುಚಿದರು ಅಂತ ನಾನು ಹೇಳಲಾರೆ. ಎರಡು ಅರ್ಥ ಇದ್ದಲ್ಲಿ ಮನುಷ್ಯನಿಗೆ ತನಗೆ ಅನುಕೂಲವಾದ ಅರ್ಥವೇ ಮೊದಲು ಕೇಳಿಸುತ್ತದೆ, ಅಷ್ಟೇ.

ಖಾಲಾ ಪಾಠ ಶುರು ಮಾಡಿದಳು. ಮೇಲಿನ ಹಲ್ಲಿನ ಕೆಳಗೆ ಕೆಳತುಟಿ ಒತ್ತಿ ಹಿಡಿ, ತುಟಿಗೆ ತುಟಿ ತಾಗಿಸಬೇಡ, ಸುಮ್ಮನೆ ಗಾಳಿ ಬಿಡು ಅಂದಳು. ಅವ್ವ ಮೊದಮೊದಲು ಒಲೆ ಊದಿದ ಹಾಗೆ ಊದಿದಳು. ಆಮೇಲೆ ಬಂತು. ನನಗೆ ಮಾತ್ರ ಬರಲೇ ಇಲ್ಲ. ಆಗ ನನಗೂ ಮುಂದಿನ ಹಲ್ಲು ಬಿದ್ದಿದ್ದವು, ಈಗ ನನ್ನ ಮೊಮ್ಮಗಳಿಗೆ ಬಿದ್ದ ಹಾಗೆಯೇ. ಎಷ್ಟು ಊದಿದರೂ ಬರೀ ಗಾಳಿ. ಹಲ್ಲು ಬರುವ ತನಕ ನಿನಗೆ ಮಾಫಿ ಇಲ್ಲ ಅಂತ ಖಾಲಾ ನನ್ನ ಗಲ್ಲ ಚಿವುಟಿದಳು.

ಸುದ್ದಿ ಗೊತ್ತಾಯಿತು. ಆದರೆ ಗೊತ್ತಾದರೇನು, ಹೇಳುವವರು ಯಾರು? ಬಳೆಗಾರ್ತಿ ಹೇಳಿದಳು ಅಂತ ಚಾವಡಿಯಲ್ಲಿ ಅನ್ನುವ ಹಾಗಿಲ್ಲ. ಗೌಡರದು ತಪ್ಪು ಅಂತಲೂ ಅನ್ನುವ ಹಾಗಿಲ್ಲ. ಅಪ್ಪ ಹೊಲದಿಂದ ಬಂದಾಗ ಅವ್ವ ಎಲ್ಲ ಹೇಳಿದಳು. ಅಪ್ಪನ ಮುಖದಲ್ಲಿ ಮೊದಲು ಬೆಳಕು ಬಂತು, ಹಿಂದೆಯೇ ಹೋಯಿತು. ನನ್ನಿಂದ ಆಗುವುದಿಲ್ಲ, ಅಲ್ಲಿ ನನ್ನ ಬಾಯಿ ಏಳುವುದಿಲ್ಲ ಅಂದ. ಅವನು ಸುಳ್ಳು ಹೇಳಲಿಲ್ಲ. ಆ ಕಟ್ಟೆಯ ಕೆಳಗೆ ಅವನ ಅಪ್ಪನ ಬಾಯಿಯೂ ಎದ್ದಿರಲಿಲ್ಲ.

ಆಗ ನಮ್ಮವ್ವ ಹೇಳಿದ ಮಾತಿದೆಯಲ್ಲ, ಅದು ನನ್ನ ಮಟ್ಟಿಗೆ ಬಂಗಾರದ ಮಾತು.

"ನೀ ತಪ್ಪು ಅನ್ನಬ್ಯಾಡ, ಸರಿ ಅನ್ನಬ್ಯಾಡ. ಬರೀ ಕೇಳು. ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ ಅನ್ನು. ಇಷ್ಟ ಅಂದ್ರ ಯಾರ ಗಂಟೂ ಹೋಗಂಗಿಲ್ಲ."

ಅಪ್ಪ ಅದನ್ನು ಸಾವಿನ ಸುದ್ದಿ ಗುನುಗಿದ ಹಾಗೆಯೇ ಗುನುಗಿದ. ಎತ್ತಿಗೆ ನೀರು ಕುಡಿಸುವಾಗ, ರೊಟ್ಟಿ ತಿನ್ನುವಾಗ, ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ. ನಡುನಡುವೆ ತುಟಿ ಕಚ್ಚಿ ಫ್, ಫ್. ಎತ್ತು ಅವನನ್ನು ತಿರುಗಿ ನೋಡುತ್ತಿತ್ತು.

ಡೇರೆ ಹೊಡೆಸಲು ಅದೇ ಜವಾನ ಮತ್ತೆ ಬಂದ ದಿನ ಚಾವಡಿಯಲ್ಲಿ ಊರು ಸೇರಿತ್ತು. ಕಟ್ಟೆಯ ಮೇಲೆ ಗೌಡರು, ಅವರ ಪಕ್ಕದಲ್ಲಿ ಜವಾನ. ಕೆಳಗೆ ಅಪ್ಪ. ಅವನ ಹಿಂದೆ ನಮ್ಮ ಕೇರಿಯವರು. ಅವ್ವ ಹೊಟ್ಟೆಯ ಮೇಲೆ ಸೆರಗು ಹೊದ್ದು ಚಾವಡಿಯ ಎದುರಿನ ಬೇವಿನ ಗಿಡಕ್ಕೆ ಒರಗಿ ನಿಂತಿದ್ದಳು. ನಾನು ಅವಳ ಸೀರೆ ಹಿಡಿದುಕೊಂಡಿದ್ದೆ. ಅವಳ ಕೈಯ ಹೊಸ ಹಸಿರು ಬಳೆ ನನ್ನ ಕಿವಿಗೆ ತಾಗುತ್ತಿದ್ದವು.

ಗೌಡರು ಯಾರು ನೀರಿಗೆ, ಯಾರು ಹುಲ್ಲಿಗೆ ಅಂತ ಹೇಳತೊಡಗಿದರು. ನಮ್ಮ ಮನೆಯ ಸರದಿ ಬಂತು. ಹೆಣ್ಣಾಳು ನೀರಿಗೆ ಅಂದರು. ಅಪ್ಪ ಹೌದ್ರಿ ಅನ್ನಬೇಕು. ಅನ್ನಲಿಲ್ಲ. ಎಲ್ಲರೂ ಕಾದರು.

"ತಿಳೀಲಿಲ್ರಿ," ಅಂದ ಅಪ್ಪ.

ಕಟ್ಟೆಯ ಮೇಲೆ ಕೂತಿದ್ದ ಯಾರೋ ನಕ್ಕರು. "ಯಾಕಲೇ, ಹಲಗಿ ಬಡದು ಬಡದು ಕಿವಿ ಹೋದ್ವೇನು?"

"ಕಿವಿ ಅದಾವ್ರಿ. ತಿಳೀಲಿಲ್ರಿ. ಸರಕಾರದ ಮಾತು ನನ್ನ ಬಾಯಾಗ ತಪ್ಪಬಾರದ್ರಿ. ಜವಾನ ಸಾಹೇಬರು ಅವತ್ತ ಅಂದದ್ದು ಇನ್ನೊಮ್ಮೆ ಹೇಳ್ರಿ."

ಅಪ್ಪನಿಗೆ ಅಷ್ಟು ಉದ್ದದ ಮಾತು ಎಲ್ಲಿಂದ ಬಂತೋ. ಸರಕಾರದ ಮಾತು ತಪ್ಪಬಾರದು ಅನ್ನುವುದನ್ನು ಅವ್ವ ಕಲಿಸಿರಲಿಲ್ಲ. ಅದು ಅವನದೇ. ಜವಾನನಿಗೂ ಅದು ಸರಿ ಕಂಡಿರಬೇಕು, ಈ ಸಲ ಕುದುರೆಯ ಮೇಲೂ ಇರಲಿಲ್ಲ. ನಿಧಾನಕ್ಕೆ ಹೇಳಿದ. ಅಪ್ಪ ಕಿವಿಗೊಡುವುದು ಬಿಟ್ಟು ಅವನ ತುಟಿಯನ್ನೇ ನೋಡಿದ. ಆಮೇಲೆ ತನ್ನ ಕೆಳತುಟಿಯನ್ನು ಹಲ್ಲಿನ ಕೆಳಗೆ ಒತ್ತಿ ಕೇಳಿದ.

"ಮಾಪೋ, ಮಾಫೋ?"

"ಮಾಫ್, ಮಾಫ್," ಅಂದ ಜವಾನ. ಕೈಯನ್ನು ಗಾಳಿಯಲ್ಲಿ ಬೀಸಿ, ಬಿಟ್ಟದ್ದು, ಇಲ್ಲದ್ದು ಅನ್ನುವ ಹಾಗೆ ತೋರಿಸಿದ. ಹೊರುವವರಿಗೆ ಕೂಲಿ ಇದೆ, ಮನಸ್ಸಿದ್ದವರು ಬರಲಿ ಅಂದ.

ಎಲ್ಲರೂ ಗೌಡರ ಮುಖ ನೋಡಿದರು. ಗೌಡರು ಮೀಸೆ ಒರೆಸಿಕೊಂಡು, "ಮತ್ತ ನಾ ಏನಂದೇನಿ? ನಾನೂ ಮಾಪ ಅಂತನ ಅಂದೇನಿ," ಅಂದರು.

ಮಾತಿನ ಮಟ್ಟಿಗೆ ಅದು ಖರೆಯೇ ಆಗಿತ್ತು. ಮೊದಲು ಜವಾನ ನಕ್ಕ. ಆಮೇಲೆ ಕಟ್ಟೆಯ ಮೇಲಿನವರು ನಕ್ಕರು, ಕೆಳಗಿನವರೂ ನಕ್ಕರು. ಕೊನೆಗೆ ಗೌಡರೂ ನಕ್ಕರು. ಅವರಿಗೂ ನನ್ನ ಶರಣು. ಸಿಟ್ಟಾಗಬಹುದಾಗಿತ್ತು, ಆಗಲಿಲ್ಲ. ಹೋಗಲೇ, ಸರಿಯಾಗಿ ಸಾರಿ ಬಾ ಅಂತ ಅಪ್ಪನಿಗೆ ಹೇಳಿದರು.

ಅಪ್ಪ ಎರಡನೆಯ ಡಂಗುರ ಹೊರಡಿಸಿದ. ಬೇಗಾರ ಮಾಫ್ ಅಂತ ಪ್ರತಿ ಓಣಿಯಲ್ಲೂ ತುಟಿ ಕಚ್ಚಿ ಕಚ್ಚಿ ಸಾರಿದ. ಹತ್ತಿರ ನಿಂತವರ ಮುಖಕ್ಕೆ ಉಗುಳು ಸಿಡಿಯುತ್ತಿತ್ತು. ಛತ್ರಿ ಹಿಡ್ಕೊಂಡು ಕೇಳಬೇಕಾತು ಇವನ ಡಂಗುರ ಅಂತ ಬಾವಿಯ ಹತ್ತಿರದ ಹೆಂಗಸರು ಚೇಷ್ಟೆ ಮಾಡಿದರು. ಊರ ಹುಡುಗರು ಅವನ ಹಿಂದೆ ಫೂ ಫೂ ಅನ್ನುತ್ತಾ ನಡೆದರು. ಊರು ಮುಗಿಯಿತು. ಅವನು ಹಲಗೆ ಹೆಗಲಿಗೆ ಹಾಕಿ ಸುಮ್ಮನೆ ಮನೆಗೆ ಬರಬೇಕಾಗಿತ್ತು. ಬರಲಿಲ್ಲ. ಕೇರಿಯ ಬಾಯಿಗೆ ಬಂದು ನಿಂತು ಹಲಗೆ ಬಡಿದ.

ನಮ್ಮ ಕೇರಿಯಲ್ಲಿ ಡಂಗುರ ಬಿದ್ದದ್ದು ಅದೇ ಮೊದಲು. ಮುದುಕಿಯರು, ಯಾರು ಸತ್ತರೋ ಅಂತ ಹೊರಗೆ ಓಡಿ ಬಂದರು. ನಮ್ಮ ಬಾಗಿಲ ಮುಂದೆ ಬಂದಾಗ ಅಪ್ಪ ಅವ್ವನ ಕಡೆಗೆ ಮುಖ ಮಾಡಿ, ಊರಿಗೆ ಸಾರಿದ್ದಕ್ಕಿಂತ ದೊಡ್ಡ ದನಿಯಲ್ಲಿ ಸಾರಿದ. ಅವ್ವ, ನನಗೆ ತಿಳೀಲಿಲ್ಲ, ಇನ್ನೊಮ್ಮೆ ಹೇಳು ಅಂದಳು. ಅವನು ಇನ್ನೊಮ್ಮೆ ಹೇಳಿದ. ಅವಳು ಮತ್ತೊಮ್ಮೆ ಹೇಳಿಸಿದಳು. ಕೇರಿಯೆಲ್ಲ ನಗುತ್ತಿತ್ತು, ಅವ್ವ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಡೇರೆ ಬಿತ್ತು, ಎದ್ದಿತು. ಅವ್ವ ಒಂದು ಕೊಡ ನೀರೂ ಹೊರಲಿಲ್ಲ. ಸಾಹೇಬರ ಸಾಮಾನು ಮಟಕಿ ಅನ್ನುವ ಊರಿನ ಕಡೆಗೆ ಹೋದ ಮೇಲೆ, ತೋಪಿನ ಹುಲ್ಲು ಇನ್ನೂ ಮಲಗಿಕೊಂಡಿರುವಾಗಲೇ, ನನ್ನ ತಂಗಿ ಹುಟ್ಟಿದಳು. ಹುಟ್ಟುತ್ತಲೇ ಅತ್ತಳು, ಕೇರಿಗೆಲ್ಲ ಕೇಳುವಷ್ಟು. ಇವಳೂ ಡಂಗುರದವನ ಮಗಳೇ ಅಂತ ಸೂಲಗಿತ್ತಿ ಅಂದಳು. ಖಾಲಾ ಬಂದು ಆ ಬೆರಳಿನಷ್ಟು ಕೈಗೆ ಕರಿ ಬಳೆ ಇಟ್ಟಳು. ಫ ದಿಂದ ಶುರುವಾಗುವ ಹೆಸರಿಡಬೇಕೆಂದು ಅವ್ವನಿಗೆ ಬಹಳ ಆಸೆ. ನಮ್ಮಲ್ಲಿ ಅಂಥ ಹೆಸರೇ ಇಲ್ಲವಲ್ಲ. ಕೊನೆಗೆ ಕುಲದೇವತೆಯ ಹೆಸರನ್ನೇ ಇಟ್ಟರು.

ಬೇಗಾರ ಅಲ್ಲಿಗೇ ಪೂರಾ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮುಂದೆಯೂ ಕರೆದರು, ಮುಂದೆಯೂ ಹೋಗಬೇಕಾಯಿತು. ಆದರೆ ಚಾವಡಿಯ ಕೆಳಗೆ ನಿಂತವರ ಬಾಯಲ್ಲಿ ಹೌದ್ರಿಯ ಜೊತೆಗೆ ಇನ್ನೊಂದು ಮಾತು ಸೇರಿತ್ತು. ನಮ್ಮ ಕೇರಿಯ ಬೇರೆಯವರೂ ಅದನ್ನು ಕಲಿತರು. ಕೆಲವರು ತಿಳಿದಿದ್ದರೂ ತಿಳೀಲಿಲ್ರಿ ಅನ್ನುತ್ತಿದ್ದರು, ಎರಡು ಸಲ ಹೇಳಿಸಿಕೊಳ್ಳುವ ಸುಖಕ್ಕೆ.

ಹಕ್ಕು ಅನ್ನುವ ಮಾತನ್ನು ನಾನು ಕೇಳಿದ್ದು ಬಹಳ ವರ್ಷದ ಮೇಲೆ. ಈಗ ನನ್ನ ಮಗ ಸಭೆಗಳಲ್ಲಿ ಆ ಬಗ್ಗೆ ಮಾತಾಡುತ್ತಾನೆ, ದೊಡ್ಡ ದೊಡ್ಡ ಶಬ್ದ ಬಳಸುತ್ತಾನೆ. ಕೇಳಲು ಚೆಂದ. ನನಗೆ ಮಾತ್ರ ಆ ಮಾತು ಕೇಳಿದಾಗಲೆಲ್ಲ ಅಪ್ಪನ ಕೆಳತುಟಿ ನೆನಪಾಗುತ್ತದೆ. ದೊಡ್ಡವರ ಸಾಲಿಯಲ್ಲಿ ಮೊದಲ ಸಲ ಪಾಟಿಯ ಮೇಲೆ ಪ ಬರೆದು, ಅದರ ಕೆಳಗೆ ಸಣ್ಣ ಗೀಟು ಎಳೆದರೆ ಫ ಆಗುತ್ತದೆ ಅಂತ ಮಾಸ್ತರರು ತೋರಿಸಿದಾಗ ನಾನು ಆ ಗೀಟಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಅಷ್ಟೇ ಅಷ್ಟು ಗೀಟು. ಅದರಲ್ಲಿ ನನ್ನ ತಂಗಿ ಇದ್ದಳು.

ನಿನ್ನೆ ಮೊಮ್ಮಗಳ ಸುದ್ದಿ ಕೇಳಿದ ಮೇಲೆ ತಡೆಯಲಾರದೆ ತಂಗಿಗೆ ಫೋನು ಹಚ್ಚಿಸಿದೆ. ಅವಳನ್ನು ಕೊಟ್ಟದ್ದು ಅವ್ವನ ತವರಿನ ಕಡೆಗೇ, ಚೌಡಾಪುರದ ಹತ್ತಿರ. ಮಕ್ಕಳು ಮೊಮ್ಮಕ್ಕಳ ನಡುವೆ ತುಂಬಿಕೊಂಡು ಕೂತಿದ್ದಾಳೆ, ಹಸಿರು ಬಳೆ ಈಗಲೂ ಬಿಟ್ಟಿಲ್ಲ. ಕಿವಿ ಮಾತ್ರ ಮಂದವಾಗಿವೆ. ಹುಡುಗಿ ಸಾಲಿಯಲ್ಲಿ ಎದ್ದು ನಿಂತು ಕೇಳಿದ್ದನ್ನೂ, ಟೀಚರು ಇನ್ನೊಮ್ಮೆ ಹೇಳಿದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆ ಕಡೆಯಿಂದ ಅವಳ ದನಿ ಬಂತು.

"ತಿಳೀಲಿಲ್ಲ ಅಕ್ಕಾ. ಇನ್ನೊಮ್ಮೆ ಹೇಳು."

ಮೊಮ್ಮಗಳು ಶೇಂಗಾ ಸುಲಿಯುತ್ತಾ ನನ್ನ ಮುಖ ನೋಡುತ್ತಿದ್ದಳು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ನಿಧಾನಕ್ಕೆ, ಮೊದಲಿನಿಂದ ಇನ್ನೊಮ್ಮೆ ಹೇಳಿದೆ.